ಒಂದು ಲೋಟ ಕಾಪಿ, ನಾಲ್ಕು ಸಾಲು

ಹಾರನಹಳ್ಳಿಯಿಂದ ಮೈಸೂರಿಗೆ ಓದಲು ಹೋಗಿರುವ ಮೊಮ್ಮಗಳು ಮೊನ್ನೆ ಫೋನ್ ಮಾಡಿದ್ದಳು. "ತಾತ, ದಿನಾ ಏನಾದ್ರೂ ಬರೀಬೇಕು ಅಂತ ಆಸೆ. ಕೂತ್ರೆ ಏನೂ ಹೊಳೆಯಲ್ಲ, ಏನ್ ಮಾಡ್ಲಿ?" ಬೆಳಗಿನ ಕಾಪಿಯ ಜೊತೆ ದಿನಚರಿ ಬರೆಯುತ್ತಲೇ ಮುದುಕನಾದವನು ನಾನು. ಅವಳಿಗೆ ಹೇಳಿದ್ದು ಇಷ್ಟು:

• ಮೊದಲು ಕಾಪಿಯನ್ನೇ ಬರಿ, ಮಗಾ. ಡಿಕಾಕ್ಷನ್ ಗಟ್ಟಿಯಾಗಿ ಇಳಿಯಿತೋ, ನೀರಾಯಿತೋ? ಪುಡಿಯಲ್ಲಿ ಚಿಕೋರಿ ಎಷ್ಟಿತ್ತು? ಹಾಲು ಯಾವುದು? "ಕಾಪಿ ಚೆನ್ನಾಗಿತ್ತು" ಅಂದರೆ ಸಾಲದು. ನಿನ್ನೆಯ ಲೋಟಕ್ಕೂ ಇವತ್ತಿನದಕ್ಕೂ ಏನು ವ್ಯತ್ಯಾಸ ಅನ್ನೋದು ಮಾತಿಗೆ ಸಿಕ್ಕಿತೆಂದರೆ, ಮನುಷ್ಯರ ಮುಖವೂ ಮಾತಿಗೆ ಸಿಗುತ್ತದೆ.

• ಕಂಡದ್ದನ್ನು ಬರಿ, ತೀರ್ಪು ಬೇಡ. ನಮ್ಮ ಕಡೆ ತಂಬಾಕು ಬೇಯಿಸುವ ಕಾಲದಲ್ಲಿ ರಾತ್ರಿಯೆಲ್ಲ ಬ್ಯಾರನ್ (ಸೊಪ್ಪು ಒಣಗಿಸುವ ಮನೆ) ಕಾಯಬೇಕು. ಬೆಂಕಿ ತಗ್ಗುವಂತಿಲ್ಲ, ಏರುವಂತಿಲ್ಲ. ಹದ ತಪ್ಪಿದರೆ ಸೊಪ್ಪಿನ ಬಣ್ಣ ಕೆಟ್ಟು ಹರಾಜಿನಲ್ಲಿ ಬೆಲೆ ಬಿದ್ದುಹೋಗುತ್ತದೆ. ತೂಕಡಿಕೆ ಬರಬಾರದೆಂದು ಬೆಲ್ಲದ ಕಾಪಿ ಕುಡಿಯುತ್ತಿದ್ದೆವು. ನನ್ನ ಹಳೇ ನೋಟುಬುಕ್ಕಿನ ಒಂದು ಪುಟ ಹೀಗಿದೆ: "ರಾತ್ರಿ ಎರಡು ಗಂಟೆ. ಮೂರನೇ ಲೋಟ. ಬೆಲ್ಲ ಮುಗಿಯಿತು. ಅಪ್ಪ ಗೋಣಿಚೀಲದ ಮೇಲೆ ಮಲಗಿದ್ದಾನೆ. ಕಣ್ಣು ಮುಚ್ಚಿಕೊಂಡೇ 'ಸೌದೆ ಒಟ್ಲಾ' ಅಂದ." ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಅವನ ದನಿ ನನಗೆ ಇವತ್ತೂ ಕೇಳುವುದು ಆ ಪುಟದಲ್ಲಿ. ಆ ರಾತ್ರಿ "ಅಪ್ಪ ಎಷ್ಟು ಕಷ್ಟಪಡುತ್ತಾನೆ" ಎಂದಷ್ಟೇ ಬರೆದಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

• ಜನರ ಮಾತನ್ನು ಅವರು ಆಡಿದ ಹಾಗೇ ಇಳಿಸಿಕೋ, ತಿದ್ದಬೇಡ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಚದುರಂಗರು 'ವೈಶಾಖ' ಕಾದಂಬರಿ ಬರೆದದ್ದು ಈ ಸೀಮೆಯ ಆಡುಮಾತನ್ನು ನಂಬಿ. 1982ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಮಾತು ಪುಸ್ತಕಕ್ಕೆ ಸಾಲದು ಅಂತ ಯಾರಾದರೂ ಅಂದರೆ ಇದನ್ನು ಹೇಳು.

• ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಇದ್ದ ಮನೆ ಈಗ ಮ್ಯೂಸಿಯಂ ಆಗಿದೆ, ಬಿಡುವಾದಾಗ ನೋಡಿ ಬಾ. 1956ರಲ್ಲಿ ಅವರು ಅಮೆರಿಕಕ್ಕೆ ಹೋದಾಗಿನ ದಿನಚರಿಯೇ 'ಮೈ ಡೇಟ್‌ಲೆಸ್ ಡೈರಿ'. ಕಾಪಿ ಕಪ್ಪೋ ಬಿಳಿಯೋ ಅಂತ ಕೇಳುವವರಿಗೆ, ಎರಡೂ ಅಲ್ಲ, ಕಂದು ಬಣ್ಣದ್ದು ಬೇಕು ಅಂತ ಅವರು ತಿಳಿಸಿ ಹೇಳುವ ಪ್ರಸಂಗ ಅದರಲ್ಲಿದೆ. ಒಂದು ಲೋಟ ಕಾಪಿಯಲ್ಲಿ ಎರಡು ದೇಶ ಎದುರುಬದುರು ನಿಂತುಬಿಡುತ್ತವೆ! ಅದೇ ಪ್ರವಾಸದಲ್ಲಿ ಬರ್ಕ್ಲಿಯಲ್ಲಿದ್ದುಕೊಂಡು 'ಗೈಡ್' ಕಾದಂಬರಿಯನ್ನೂ ಬರೆದರು. ದಿನಚರಿ ಬರೆದರೆ ಕಥೆಗೆ ಹೊತ್ತು ಸಿಗಲ್ಲ ಅನ್ನುವ ನೆಪ ಬೇಡ.

• ಕಾಪಿ ಎಲ್ಲಿಂದ ಬಂತು, ವಿಚಾರಿಸು. ಕಾಪಿ ಹಣ್ಣು ಕೊಯ್ಯುವ ಕಾಲ ಬಂದರೆ ನಮ್ಮ ತಾಲ್ಲೂಕಿನವರು ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ರಜಕ್ಕೆ ಬಂದಾಗ ಅವರ ಹತ್ತಿರ ಕೂತು ಕೇಳು. ಅಲ್ಲಿ ಕಥೆಗಳು ಬೇಕಾದಷ್ಟಿವೆ.

• ಸಂಜೆ ಕಾಪಿ ಕುಡಿದ ಹೊತ್ತನ್ನೂ ಬರೆದಿಡು. ಐದಾರು ಗಂಟೆಯಾದರೂ ಕೆಫೀನಿನ ಅರ್ಧ ಪಾಲು ಮೈಯಲ್ಲೇ ಇರುತ್ತದೆ. ನಿದ್ದೆ ಯಾಕೆ ಬರಲಿಲ್ಲ ಅಂತ ಪುಸ್ತಕವೇ ಹೇಳುತ್ತದೆ.

• ಒಂದು ದಿನ ತಪ್ಪಿದರೆ ತಪ್ಪಲಿ. ನೆನಪಿಲ್ಲದ್ದನ್ನು ಕಟ್ಟಿ ತುಂಬಬೇಡ.

• ಬೇರೆಯವರ ಮನೆಯ ಸಂಕಟ ನಿನ್ನ ನೋಟುಬುಕ್ಕಿನಲ್ಲಿ ಇರಲಿ. ಕಥೆಗೆ ತರುವಾಗ ಮಾತ್ರ ಹೆಸರು, ಊರು, ಕಸುಬು ಎಲ್ಲ ಬದಲಿಸು. ಗುರುತು ಸಿಕ್ಕರೆ ಅವರು ಮತ್ತೆ ನಿನ್ನ ಮುಂದೆ ಬಾಯಿ ಬಿಡಲ್ಲ, ಬಿಡಲೂಬಾರದು.

• ಬರೆದದ್ದನ್ನು ತಿಂಗಳಿಗೊಮ್ಮೆ ಓದು. ಎರಡನೇ ಸಲವೂ ನಿನ್ನನ್ನು ಹಿಡಿದು ನಿಲ್ಲಿಸುವ ಸಾಲಿಗೆ ಗೀಟು ಹಾಕು. ಕಥೆ ಶುರುವಾಗಬೇಕಾದ್ದು ಅಲ್ಲಿಂದ.

ಇವತ್ತು ರಾತ್ರಿಯೇ ಫಿಲ್ಟರ್ ಪಕ್ಕದಲ್ಲಿ ನೋಟುಬುಕ್ಕು, ಪೆನ್ನು ಇಟ್ಟು ಮಲಗು. ಊರಿಗೆ ಬಂದಾಗ ನಿನ್ನದು ತಾ ಮಗಾ, ನನ್ನದೂ ಕೊಡುತ್ತೇನೆ.