ವಿದ್ಯುತ್ತು, ಪರಮಾಣು ಮತ್ತು ಗೋಗಿಯ ಕಲ್ಲು

ಸಂಸ್ಕೃತದ ‘ದ್ಯುತ್’ ಧಾತುವಿಗೆ ಬೆಳಗುವುದು ಎಂದರ್ಥ. ಅದಕ್ಕೆ ‘ವಿ’ ಎಂಬ ಉಪಸರ್ಗ ಸೇರಿ ‘ವಿದ್ಯುತ್’ ಎಂಬ ಶಬ್ದ ನಿಷ್ಪನ್ನವಾಯಿತು; ವಿಶೇಷವಾಗಿ ಬೆಳಗುವುದು, ಅಂದರೆ ಮಿಂಚು. ಕ್ಷಣಿಕತೆಯೇ ಮಿಂಚಿನ ಸ್ವಭಾವ. ಸಿರಿಯ ಮತ್ತು ಯೌವನದ ಅಸ್ಥಿರತೆಯನ್ನು ಹೇಳಬೇಕಾದಾಗಲೆಲ್ಲ ನಮ್ಮ ಪ್ರಾಚೀನ ಕವಿಗಳು ಮಿಂಚನ್ನೇ ಉಪಮಾನವಾಗಿ ತಂದರು. ತಂತಿಯಲ್ಲಿ ಹರಿಯುವ ಶಕ್ತಿಗೂ ಇದೇ ಹೆಸರನ್ನಿಟ್ಟವರು ಶಹಾಪುರ ಸುರಪುರಗಳ ಹಳ್ಳಿಗಳನ್ನು ಕಂಡೇ ಇಟ್ಟರೇನೋ ಎಂದು ತರಗತಿಯಲ್ಲಿ ನಾನು ವಿನೋದಕ್ಕೆ ಹೇಳುವುದುಂಟು. ಮಕ್ಕಳು ನಗುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದು ಹೊಲಕ್ಕೆ ನೀರು ಹಾಯಿಸಲು ಹೋದ ತಂದೆಯ ನೆನಪಾದವರು ಮಾತ್ರ ನಗುವುದಿಲ್ಲ.

ಛಂದಸ್ಸು ವ್ಯಾಕರಣಗಳನ್ನು ಪಾಠ ಹೇಳುವವನಿಗೆ ವಿದ್ಯುತ್ತಿನ ಗೊಡವೆಯೇಕೆ ಎಂದು ಅಧ್ಯಾಪಕ ಬಂಧುಗಳು ಕೇಳಬಹುದು. ಎರಡು ಕಾರಣಗಳಿವೆ. ಈ ವಿಷಯದಲ್ಲಿ ಶಬ್ದಗಳ ದುರುಪಯೋಗ ಬಹಳವಾಗಿ ನಡೆದಿದೆ; ಶಬ್ದ ಕೆಟ್ಟಲ್ಲಿ ಲೆಕ್ಕವೂ ಕೆಡುತ್ತದೆ. ಎರಡನೆಯದಾಗಿ, ಈ ದೇಶದ ಪರಮಾಣು ವಿದ್ಯುತ್ತಿಗೆ ಬೇಕಾದ ಕಲ್ಲು ನಮ್ಮದೇ ಶಹಾಪುರ ತಾಲೂಕಿನ ಗೋಗಿಯಲ್ಲಿ, ನಮ್ಮ ಕಾಲ ಕೆಳಗೇ ಇದೆ.

ಮೊದಲು ‘ವಿದ್ಯುದೀಕರಣ’ ಎಂಬ ಶಬ್ದವನ್ನು ಪರಿಶೀಲಿಸೋಣ. ಯಾವುದೇ ವಸ್ತುವಿಗೆ ಲಕ್ಷಣ ಹೇಳುವಾಗ ಮೂರು ದೋಷಗಳನ್ನು ಪರಿಹರಿಸಿಕೊಳ್ಳಬೇಕೆಂದು ನ್ಯಾಯಶಾಸ್ತ್ರ ವಿಧಿಸುತ್ತದೆ: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಕೊಂಬುಳ್ಳದ್ದೇ ಹಸು ಎಂದರೆ ಎಮ್ಮೆಯೂ ಹಸುವಾಗುತ್ತದೆ, ಇದು ಅತಿವ್ಯಾಪ್ತಿ. ವಿದ್ಯುದೀಕೃತ ಗ್ರಾಮ ಯಾವುದು ಎಂಬುದಕ್ಕೆ ನಮ್ಮ ಸರ್ಕಾರಗಳು ಕೊಟ್ಟ ಲಕ್ಷಣಗಳು ಈ ದೋಷಕ್ಕೆ ಪಠ್ಯಪುಸ್ತಕದ ಉದಾಹರಣೆಗಳಾಗಿವೆ. 1997ಕ್ಕಿಂತ ಹಿಂದೆ, ಗ್ರಾಮದ ಕಂದಾಯ ಎಲ್ಲೆಯೊಳಗೆ ಯಾವುದೇ ಉದ್ದೇಶಕ್ಕೆ ವಿದ್ಯುತ್ತು ಬಳಕೆಯಾದರೆ ಸಾಕು, ಆ ಗ್ರಾಮ ವಿದ್ಯುದೀಕೃತವಾಯಿತು. ಊರ ಹೊರಗೆ ಒಬ್ಬ ಗೌಡರ ಬಾವಿಯ ಮೇಲೆ ಮೋಟಾರು ಕುಳಿತಿತೆಂದರೆ, ಊರೊಳಗೆ ಒಂದು ದೀಪವೂ ಇಲ್ಲದೆ ಇಡೀ ಗ್ರಾಮ ಬೆಳಕು ಕಂಡಂತೆ ದಫ್ತರದಲ್ಲಿ ದಾಖಲಾಗುತ್ತಿತ್ತು. 1997ರಲ್ಲಿ, ಬಳಕೆಯು ಜನವಸತಿಯೊಳಗೆ ಇರಬೇಕೆಂದು ತಿದ್ದಿದರು. 2004ರಲ್ಲಿ ಮತ್ತೊಂದು ತಿದ್ದುಪಡಿ ಬಂದಿತು: ಊರಿಗೆ ವಿತರಣಾ ಟ್ರಾನ್ಸ್‌ಫಾರ್ಮರು ಬಂದಿರಬೇಕು, ಶಾಲೆ, ಪಂಚಾಯತಿ, ಆರೋಗ್ಯ ಕೇಂದ್ರಗಳಂತಹ ಸಾರ್ವಜನಿಕ ಸ್ಥಳಗಳಿಗೆ ವಿದ್ಯುತ್ತು ಇರಬೇಕು, ಮನೆಗಳಲ್ಲಿ ನೂರಕ್ಕೆ ಹತ್ತಕ್ಕಾದರೂ ಸಂಪರ್ಕವಿರಬೇಕು. ನೂರು ಮಂದಿಯಲ್ಲಿ ತೊಂಬತ್ತು ಮಂದಿ ಪದ್ಯವನ್ನು ಕಂಠಪಾಠ ಮಾಡದ ತರಗತಿಯನ್ನು ಉತ್ತೀರ್ಣವೆಂದು ಯಾವ ಗುರು ಹೇಳಿಯಾನು?

2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಎಂಬ ಊರಿಗೆ ತಂತಿ ತಲುಪಿದಾಗ, ದೇಶದ ಸಕಲ ಗ್ರಾಮಗಳೂ ವಿದ್ಯುದೀಕೃತವಾದವೆಂದು ಘೋಷಿಸಲಾಯಿತು. ಆ ಘೋಷಣೆ ನಿಂತಿದ್ದು ಇದೇ ಲಕ್ಷಣದ ಮೇಲೆ. ಮನೆಮನೆಗೂ ಸಂಪರ್ಕ ಕೊಡುವ ‘ಸೌಭಾಗ್ಯ’ ಯೋಜನೆ ಅದಕ್ಕೆ ಕೆಲವು ತಿಂಗಳ ಮೊದಲು, 2017ರ ಸೆಪ್ಟೆಂಬರಿನಲ್ಲಿ, ಆರಂಭವಾಗಿತ್ತು. ಅದಕ್ಕೂ ಹಿಂದೆ ನಮ್ಮ ರಾಜ್ಯದಲ್ಲಿ ಬಡವರ ಗುಡಿಸಲಿಗೆ ಒಂದು ದೀಪ ಕೊಟ್ಟ ‘ಭಾಗ್ಯಜ್ಯೋತಿ’, ಕೇಂದ್ರದ ‘ಕುಟೀರಜ್ಯೋತಿ’, ರಾಜೀವ ಗಾಂಧಿಯವರ ಹೆಸರಿನ ಯೋಜನೆ, ದೀನದಯಾಳರ ಹೆಸರಿನ ಯೋಜನೆ ಬಂದವು. 2023ರಲ್ಲಿ ‘ಗೃಹಜ್ಯೋತಿ’ ಬಂದಿತು. ಜ್ಯೋತಿಗಳಿಗೆ ನಮ್ಮಲ್ಲಿ ಬರಗಾಲವಿಲ್ಲ. ಈ ಯೋಜನೆಗಳಿಂದ ಉಪಕಾರವೇ ಆಗಲಿಲ್ಲ ಎಂದರೆ ಕೃತಘ್ನತೆಯಾದೀತು. ಕಂದೀಲಿನ ಹೊಗೆಯಲ್ಲಿ ಅಮರಕೋಶ ಉರುಹೊಡೆದ ನನ್ನಂಥವನು ಆ ಮಾತು ಆಡಲಾರೆ. ಆದರೆ ಇವುಗಳಲ್ಲಿ ಎಣಿಸಿದ್ದೆಲ್ಲ ಕಂಬಗಳನ್ನು, ಮೀಟರುಗಳನ್ನು, ಫಲಾನುಭವಿಗಳನ್ನು. ತಾಸುಗಳನ್ನು ಎಣಿಸಿದವರು ವಿರಳ. ದಿನಕ್ಕೆ ಎಷ್ಟು ತಾಸು, ಯಾವ ತಾಸು, ಎಷ್ಟು ಒತ್ತಡದ ವಿದ್ಯುತ್ತು ಎಂಬುದೇ ರೈತನಿಗೂ ವಿದ್ಯಾರ್ಥಿಗೂ ಬೇಕಾದ ಲೆಕ್ಕ.

ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ತು ಉಚಿತ. ಉಚಿತವಾದುದಕ್ಕೆ ಮೀಟರಿಲ್ಲ, ಮೀಟರಿಲ್ಲದುದರಿಂದ ರೈತ ಬಳಸಿದ್ದೆಷ್ಟು, ದಾರಿಯಲ್ಲಿ ಸೋರಿದ್ದೆಷ್ಟು, ಕದ್ದದ್ದೆಷ್ಟು ಎಂಬುದನ್ನು ಬ್ರಹ್ಮನೂ ಹೇಳಲಾರ. ಎಲ್ಲವೂ ರೈತನ ಖಾತೆಗೆ ಜಮೆಯಾಗುತ್ತದೆ. ದರ ಕೊಡದವನಿಗೆ ದೂರು ಕೊಡುವ ಬಾಯಿಯೂ ಇಲ್ಲ, ಸುಟ್ಟ ಟಿ.ಸಿ. ಬದಲಾಯಿಸಲು ಅವನು ಬೇಡಿಕೊಳ್ಳಬೇಕು. ಬೇಡಿಕೊಂಡು ಪಡೆಯುವ ಏಳು ತಾಸಿನ ಮೂರು ಫೇಸಿನ ವಿದ್ಯುತ್ತಾದರೂ ಖಚಿತವೇ? 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಜಲಾಶಯಗಳು ಬರಿದಾದವು, ಬೇಡಿಕೆ ಏರಿತು. ಆ ಅಕ್ಟೋಬರದಲ್ಲಿ ಏಳು ತಾಸು ಐದಕ್ಕೆ ಇಳಿಯಿತು. ಅದೇ ವರ್ಷ ಮನೆಗಳಿಗೆ 200 ಯೂನಿಟ್ಟಿನವರೆಗೆ ಉಚಿತ ವಿದ್ಯುತ್ತು ಆರಂಭವಾಗಿದ್ದುದು ಕಾಕತಾಳೀಯ ನ್ಯಾಯವಿರಬಹುದು. ಹಂಚುವ ಉತ್ಸಾಹದ ಅರ್ಧವಾದರೂ ಉತ್ಪಾದಿಸುವುದರಲ್ಲಿ ಇರಬಾರದಿತ್ತೇ ಎಂಬ ಪ್ರಶ್ನೆ ಮಾತ್ರ ಏಳದೆ ಇರದು.

ಉತ್ಪಾದನೆಯಲ್ಲಿ ನಮ್ಮ ನಾಡು ಒಮ್ಮೆ ಮುಂದಾಳಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ಬೆಂಗಳೂರಿನ ಬೀದಿಗಳಿಗೆ 1905ರಲ್ಲಿ. ಮೊದಲು ಗಣಿ, ಆಮೇಲೆ ನಗರ, ಕೊನೆಗೆ ಹಳ್ಳಿ. ಆ ಕ್ರಮ ಇಂದಿಗೂ ಪೂರ್ತಿ ಅಳಿಸಿಲ್ಲ. ಮುಂದೆ ಶರಾವತಿ, ಕಾಳಿ ನದಿಗಳು ದಶಕಗಳ ಕಾಲ ರಾಜ್ಯವನ್ನು ಸಾಕಿದವು. ಮಳೆ ತಪ್ಪಿದ ವರ್ಷ ಅವೂ ತಪ್ಪುತ್ತವೆ.

ಕಲ್ಲಿದ್ದಲಿಗೆ ಬರೋಣ. ನೆರೆಯ ರಾಯಚೂರಿನ ಶಕ್ತಿನಗರದಲ್ಲಿ, ಕೃಷ್ಣೆಯ ದಂಡೆಯಲ್ಲಿ, 1985ರಲ್ಲಿ ಮೊದಲ ಘಟಕ ಚಾಲನೆಗೊಂಡಿತು; ಈಗ ಅದರ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. 210 ಮೆಗಾವ್ಯಾಟಿನ ಒಂದು ಘಟಕ ಪೂರ್ಣ ಪ್ರಮಾಣದಲ್ಲಿ ನಡೆದರೆ ದಿನವೊಂದಕ್ಕೆ ಮೂರು ಸಾವಿರ ಟನ್ನಿಗೂ ಮಿಕ್ಕಿ ಕಲ್ಲಿದ್ದಲನ್ನು ನುಂಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲಿ ಒಂದು ಪಾಲು ಬೂದಿಯೇ. ಒಂದೇ ಘಟಕ ದಿನಕ್ಕೆ ಸಾವಿರ ಟನ್ನಿನಷ್ಟು ಬೂದಿ ಉಗುಳುತ್ತದೆಂದಾಯಿತು. ಇಲ್ಲಿ ಒಂದು ಮಾತು ನೆನಪಾಗುತ್ತದೆ. ಸುರಪುರ ತಾಲೂಕಿನಲ್ಲಿ ಬೂದಿಹಾಳವೆಂಬ ಗ್ರಾಮವಿದೆ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಲ್ಲಿ ಉತ್ಖನನ ನಡೆಸಿ, ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬವನ್ನು ಅಭ್ಯಸಿಸಿದರು. ಅವರ ಬೂದಿ ಊರಿಗೆ ಹೆಸರಾಯಿತು. ಶಕ್ತಿನಗರದ ಬೂದಿಯು ಮುಂದಿನವರಿಗೆ ಏನಾಗಿ ಉಳಿಯುವುದೋ!

ಸೂರ್ಯನನ್ನು ಹೊಗಳುವವರು ಇಂದು ಬಹಳ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನವನ್ನು ಕೆಲವೇ ವರ್ಷಗಳಲ್ಲಿ ನಿಲ್ಲಿಸಿದ್ದು ಸಾಧನೆಯೇ ಸರಿ. ಹಗಲು ಹೊತ್ತಿನಲ್ಲಿ ಪಂಪ್‌ಸೆಟ್ಟಿಗೆ ವಿದ್ಯುತ್ತು ಸಿಗುವಂತಾದರೆ ಅದಕ್ಕಿಂತ ದೊಡ್ಡ ಉಪಕಾರ ನಮ್ಮ ರೈತನಿಗೆ ಬೇರೊಂದಿಲ್ಲ. ಆದರೆ ಮೆಗಾವ್ಯಾಟ್ ಎಂಬುದು ಪಾತ್ರೆಯ ಗಾತ್ರವೇ ಹೊರತು ಪಾತ್ರೆಯಲ್ಲಿರುವ ಹಾಲಲ್ಲ. ರಾತ್ರಿಯನ್ನೂ ಮೋಡವನ್ನೂ ಕಳೆದು ಸರಾಸರಿ ತೆಗೆದರೆ ಸೌರಫಲಕಗಳು ತಮ್ಮ ಸಾಮರ್ಥ್ಯದ ನಾಲ್ಕರಲ್ಲಿ ಒಂದು ಪಾಲನ್ನೂ ಕಷ್ಟದಿಂದ ಕೊಡುತ್ತವೆ. ನಮ್ಮ ವಿದ್ಯಾರ್ಥಿನಿಲಯದ ಹುಡುಗರು ಪುಸ್ತಕ ತೆರೆಯುವ ಸಂಜೆ ಏಳು ಗಂಟೆಗೆ ಏನನ್ನೂ ಕೊಡುವುದಿಲ್ಲ. ಸಂಗ್ರಹಿಸಿಡುವ ಬ್ಯಾಟರಿಗಳು ಅಗ್ಗವಾಗುತ್ತಿವೆ ಎಂಬುದು ನಿಜ. ಒಂದು ಇಡೀ ಮಳೆಗಾಲದ ಮೋಡವನ್ನು ದಾಟಿಸುವ ಬ್ಯಾಟರಿ ಮಾತ್ರ ಇನ್ನೂ ಬಂದಿಲ್ಲ.

ಆದುದರಿಂದ ಹಗಲಿರುಳೆನ್ನದೆ ನಡೆಯುವ ಒಂದು ಆಧಾರ ಬೇಕು. ಅದು ಪರಮಾಣುವಿನಿಂದ ಬರಬೇಕೆಂಬುದು ನನ್ನ ಪಕ್ಷ. ಇಲ್ಲಿಯೂ ಶಬ್ದವಿಚಾರ ಅಗತ್ಯ. ಪತ್ರಿಕೆಗಳು ‘ಅಣುವಿದ್ಯುತ್’ ಎನ್ನುತ್ತವೆ, ಅದು ಸರಿಯಲ್ಲ. ವಿಜ್ಞಾನದ ಪಠ್ಯದಲ್ಲಿ ಪರಮಾಣುಗಳು ಕೂಡಿದ್ದು ಅಣು. ವೈಶೇಷಿಕರ ಮತದಲ್ಲಿಯೂ ಎರಡು ಪರಮಾಣುಗಳು ಕೂಡಿ ದ್ವ್ಯಣುಕ, ಮೂರು ದ್ವ್ಯಣುಕಗಳು ಕೂಡಿ ತ್ರ್ಯಣುಕ. ಗವಾಕ್ಷಿಯ ಬಿಸಿಲಿನಲ್ಲಿ ತೇಲುವ ಧೂಳಿಕಣವೇ ಕಣ್ಣಿಗೆ ಕಾಣುವ ಆ ತ್ರ್ಯಣುಕ. ಪರಮಾಣುವಾದರೋ ನಿತ್ಯ, ಅವಿಭಾಜ್ಯ ಎಂದರು ಕಣಾದ ಮತಾನುಯಾಯಿಗಳು. ಅವಿಭಾಜ್ಯವೆಂದುಕೊಂಡಿದ್ದರ ವಿಭಜನೆಯಿಂದಲೇ ಈ ಶಕ್ತಿ ಹುಟ್ಟುವುದು ಶಾಸ್ತ್ರ ಓದಿದವನಿಗೆ ರೋಮಾಂಚನದ ಸಂಗತಿ. ಯುರೇನಿಯಮ್ಮಿನ ಒಂದು ಪ್ರಭೇದದ ಪರಮಾಣುಗರ್ಭಕ್ಕೆ ನ್ಯೂಟ್ರಾನ್ ಎಂಬ ಕಣ ತಾಗಿದರೆ ಅದು ಇಬ್ಭಾಗವಾಗಿ ಶಾಖವನ್ನೂ ಮತ್ತೆರಡು ಮೂರು ನ್ಯೂಟ್ರಾನುಗಳನ್ನೂ ಚೆಲ್ಲುತ್ತದೆ. ಅವು ಇನ್ನಷ್ಟು ಗರ್ಭಗಳನ್ನು ಒಡೆಯುತ್ತವೆ. ವೇಗವಾಗಿ ಓಡುವ ನ್ಯೂಟ್ರಾನುಗಳನ್ನು ನಿಧಾನಗೊಳಿಸಲು ನಮ್ಮ ದೇಶದ ಬಹುತೇಕ ರಿಯಾಕ್ಟರುಗಳಲ್ಲಿ ಭಾರಜಲವನ್ನು ಬಳಸುತ್ತಾರೆ. ಆ ಶಾಖದಿಂದ ಉಗಿ, ಉಗಿಯಿಂದ ತಿರುಗುವ ಚಕ್ರ; ಮುಂದಿನದೆಲ್ಲ ಶಕ್ತಿನಗರದಲ್ಲಿ ನಡೆಯುವುದೇ.

ಉತ್ತರ ಕನ್ನಡದ ಕಾಳಿ ದಂಡೆಯ ಕೈಗಾದಲ್ಲಿ ಇಂತಹ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಮೊದಲೆರಡು 2000ದಲ್ಲಿ, ಉಳಿದೆರಡು 2007 ಮತ್ತು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಒಂದು ಘಟಕಕ್ಕೆ ದಿನಕ್ಕೆ ಬೇಕಾದ ಯುರೇನಿಯಂ ಎಷ್ಟು? ಸುಮಾರು ಒಂದು ಕ್ವಿಂಟಲ್. ಅಲ್ಲಿ ಮೂರು ಸಾವಿರ ಟನ್ ಕಲ್ಲಿದ್ದಲು, ಇಲ್ಲಿ ಒಂದು ಚೀಲ ಜೋಳದಷ್ಟು ತೂಕ! ಮೊದಲನೆಯ ಘಟಕವು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ನಡೆದು ಆಗ ಜಗತ್ತಿನ ದಾಖಲೆ ಸ್ಥಾಪಿಸಿತು. ಕ್ಷಣಿಕವೆಂಬ ಅರ್ಥದ ಶಬ್ದಕ್ಕೆ 962 ದಿನಗಳ ಆಯುಸ್ಸು ಬಂದಿತೆಂದು ನಾನು ಹಿಗ್ಗಿದೆ. ಪಾವಗಡದ ಅರ್ಧಕ್ಕಿಂತ ಕಡಿಮೆ ಮೆಗಾವ್ಯಾಟಿನ ಕೈಗಾ ವರ್ಷವಿಡೀ ಕೊಡುವ ಯೂನಿಟ್ಟುಗಳು ಪಾವಗಡಕ್ಕಿಂತ ಹೆಚ್ಚು. ತಲಾ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳಿಗೆ 2017ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆತಿದೆ.

ಪ್ರತಿವಾದಿಗಳ ಮಾತನ್ನು ಪೂರ್ವಪಕ್ಷವಾಗಿ ಮಂಡಿಸದೆ ಸಿದ್ಧಾಂತ ಹೇಳುವುದು ನಮ್ಮ ಪದ್ಧತಿಯಲ್ಲ. ಡಾ. ಶಿವರಾಮ ಕಾರಂತರು ಕೈಗಾವನ್ನು ವಿರೋಧಿಸಿದರು. 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೂ ಸ್ಪರ್ಧಿಸಿದರು, ಗೆಲ್ಲಲಿಲ್ಲ. 1994ರಲ್ಲಿ ನಿರ್ಮಾಣದ ಹಂತದಲ್ಲಿದ್ದಾಗಲೇ ಅಲ್ಲಿಯ ಗುಮ್ಮಟದ ಒಳಭಾಗ ಕುಸಿದಾಗ ಅವರ ಆತಂಕ ಕೇವಲ ಕವಿಕಲ್ಪನೆಯಲ್ಲವೆಂದು ಜನ ಅರಿತರು. 2009ರಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತು ಐವತ್ತಕ್ಕೂ ಹೆಚ್ಚು ನೌಕರರ ದೇಹ ಸೇರಿತು. ಚೆರ್ನೋಬಿಲ್ (1986), ಫುಕುಷಿಮಾ (2011) ಲೋಕವಿದಿತ. ನಿರ್ಮಾಣಕ್ಕೆ ಹಿಡಿಯುವ ಕಾಲ ದೀರ್ಘ. ಉಳಿಯುವ ತ್ಯಾಜ್ಯವನ್ನು ಸಾವಿರಾರು ವರ್ಷ ಕಾಯಬೇಕು. ಇವೆಲ್ಲವನ್ನೂ ಒಪ್ಪಿಯೂ ನನ್ನ ಪಕ್ಷ ಬದಲಾಗದು. ಪರಮಾಣುವಿನ ತ್ಯಾಜ್ಯ ಅಳತೆಗೆ ಸಿಗುವಂಥದು, ಕಾವಲಿಗೆ ಒಳಪಟ್ಟದ್ದು. ಕಲ್ಲಿದ್ದಲಿನ ತ್ಯಾಜ್ಯವನ್ನು ನಾವು ಯಾವ ಕಾವಲೂ ಇಲ್ಲದೆ ಉಸಿರಾಡುತ್ತಿದ್ದೇವೆ.

ಆದರೆ ರಿಯಾಕ್ಟರು ಬೇರೆ, ಗಣಿ ಬೇರೆ. ಪರಮಾಣುವಿನ ಪರವಾದಿಗಳು ಈ ಭೇದವನ್ನು ಮರೆಸುತ್ತಾರೆ. ಆದಿಲ್‌ಶಾಹಿ ವಂಶದ ಮೊದಲ ಸುಲ್ತಾನರ ಗೋರಿಗಳಿರುವ ಗೋಗಿಯಲ್ಲಿ, ಭೀಮಾ ಕಣಿವೆಯ ಸುಣ್ಣದಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟ್ ಬಿರುಕುಬಿಟ್ಟ ಸ್ತರಭಂಗದಲ್ಲಿ, ಪರಮಾಣು ಖನಿಜ ನಿರ್ದೇಶನಾಲಯದವರು 1990ರ ದಶಕದಲ್ಲಿ ಯುರೇನಿಯಂ ಪತ್ತೆಹಚ್ಚಿದರು. ಝಾರ್ಖಂಡದ ಜಾದೂಗುಡಕ್ಕಿಂತ ಇದು ಸತ್ವಯುತ ಅದಿರು. ಮುಂದೆ ಯುರೇನಿಯಂ ನಿಗಮದವರು ಪರಿಶೋಧನೆಗಾಗಿ ಬಾವಿ ತೋಡಿದರು. ಸುತ್ತಲಿನ ಗ್ರಾಮಸ್ಥರು ವಿರೋಧಿಸಿದರು. ವಾಣಿಜ್ಯ ಗಣಿಗಾರಿಕೆ ಆರಂಭವಾಗಲಿಲ್ಲ.

ಸತ್ವಯುತವೆಂದೆನಷ್ಟೆ, ಅಂಥ ಅದಿರಿನಲ್ಲಿಯೂ ಸಾವಿರ ಕಿಲೊಗೆ ದೊರೆಯುವುದು ಎರಡು ಕಿಲೊ ಮಾತ್ರ. ಉಳಿದ 998 ಕಿಲೊ ಪುಡಿಯಾಗಿ, ರಾಸಾಯನಿಕದಲ್ಲಿ ನೆನೆದು, ರೇಡಿಯಂ ಮುಂತಾದವನ್ನು ಒಡಲಲ್ಲಿಟ್ಟುಕೊಂಡು ಕೆಸರುಗೊಳದಲ್ಲಿ ಉಳಿಯುತ್ತದೆ. ಆ ಗೊಳ ಸೋರಿದರೆ? ಆಂಧ್ರದ ತುಮ್ಮಲಪಲ್ಲೆಯ ಸುತ್ತಲಿನ ರೈತರು ತಮ್ಮ ಬಾವಿಯ ನೀರು ಕೆಟ್ಟಿತೆಂದು ದೂರಿಕೊಂಡದ್ದು ಇದಕ್ಕಾಗಿಯೇ. ಗೋಗಿಯ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಗಣಿ ಆರಂಭವಾಗುವುದಕ್ಕೆ ಮೊದಲೇ ಅಲ್ಲಿಯ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಯುರೇನಿಯಂ ಮಿತಿಗಿಂತ ಹೆಚ್ಚಿರುವುದನ್ನು ಅಧ್ಯಯನಗಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಇದು ಕಲ್ಲಿನ ಗುಣ. ಗಣಿಯ ದೋಷವೆಂದು ಹೇಳುವಂತಿಲ್ಲ. ಆದರೆ ನಾಳೆ ಗಣಿ ನಡೆದು ನೀರು ಮತ್ತಷ್ಟು ಕೆಟ್ಟರೆ, ಮೊದಲೇ ಹಾಗಿತ್ತೆಂದು ನಿಗಮದವರು ಹೇಳುವುದು ಸುಲಭ; ಕೆಡದಿದ್ದರೂ ಗಣಿಯೇ ಕೆಡಿಸಿತೆಂದು ವಿರೋಧಿಗಳು ಹೇಳುವುದೂ ಅಷ್ಟೇ ಸುಲಭ. ಇಬ್ಬರ ಬಾಯಿಯನ್ನೂ ಕಟ್ಟುವುದು ಅಳತೆಯೊಂದೇ. ಗಣಿ ಇರಲಿ ಬಿಡಲಿ, ಆ ಊರಿನವರಿಗೆ ಶುದ್ಧ ಕುಡಿಯುವ ನೀರು ಇಂದೇ ಸಲ್ಲಬೇಕಾದದ್ದು. ವಿದ್ಯುತ್ತಿನ ಚರ್ಚೆ ಮುಗಿಯುವವರೆಗೆ ಅದನ್ನು ತಡೆಹಿಡಿಯುವುದು ಅನ್ಯಾಯ.

ಕೈಗಾದ ವಿದ್ಯುತ್ತು ದಕ್ಷಿಣದ ಹಲವು ರಾಜ್ಯಗಳಿಗೆ ಹಂಚಿಹೋಗುತ್ತದೆ. ಗೋಗಿಯ ಕಲ್ಲು ಹೊರಬಂದರೂ ಗೋಗಿಗೆ ಒಂದು ತಾಸು ಹೆಚ್ಚು ವಿದ್ಯುತ್ತು ಬರುವ ವಿಧಿ ಯಾವ ಕಡತದಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಕಲ್ಲು ಕೊಡುವ ಊರಿಗೆ ಇಪ್ಪತ್ತನಾಲ್ಕು ತಾಸಿನ ವಿದ್ಯುತ್ತನ್ನು ಕರಾರಿನಲ್ಲಿಯೇ ಬರೆದುಕೊಡಬೇಕು, ಸೌಲಭ್ಯವೆಂದಲ್ಲ, ಬೆಲೆಯೆಂದು.

ನಮ್ಮ ಶಾಲೆಯ ವಿಜ್ಞಾನ ಅಧ್ಯಾಪಕರಲ್ಲಿಯೂ ದಾನಿಗಳಲ್ಲಿಯೂ ಒಂದು ಬಿನ್ನಹ. ಗೋಗಿ ಮತ್ತು ಸುತ್ತಲಿನ ಹಳ್ಳಿಗಳಿಂದ ನಮ್ಮಲ್ಲಿಗೆ ಓದಲು ಬರುವ ಮಕ್ಕಳ ಕೈಯಲ್ಲಿ ವರ್ಷಕ್ಕೆರಡು ಬಾರಿ, ಬೇಸಿಗೆಯಲ್ಲೊಮ್ಮೆ ಮಳೆಗಾಲದ ನಂತರ ಒಮ್ಮೆ, ಅವರವರ ಮನೆಯ ಕೊಳವೆಬಾವಿಯ ನೀರನ್ನು ತರಿಸಿ ಅರ್ಹ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಅದರ ವೆಚ್ಚವನ್ನು ಯಾರಾದರೂ ದಾನಿಗಳು ವಹಿಸಿಕೊಳ್ಳಬೇಕು. ಬಂದ ಅಂಕಿಗಳನ್ನು ದಿನಾಂಕಸಹಿತ ಶುದ್ಧ ಕನ್ನಡದಲ್ಲಿ ಬರೆದು ಆಯಾ ಪಂಚಾಯತಿಯ ಗೋಡೆಗೆ ಹಚ್ಚಬೇಕು. ಮನೆಗೆ ಕರೆಂಟು ಬಂದ ತಾಸು, ಹೋದ ತಾಸುಗಳನ್ನೂ ಅದೇ ಮಕ್ಕಳು ಒಂದು ವಹಿಯಲ್ಲಿ ಬರೆದಿಡಲಿ. ಕನ್ನಡ ಬರಹವನ್ನು ತಿದ್ದಿಕೊಡುವ ಕೆಲಸ ನನ್ನದಿರಲಿ.