ಅನಿಲದ ಒಲೆ: ದಂಪತಿಗಳಿಬ್ಬರೂ ಅರಿತಿರಬೇಕಾದ ಸಂಗತಿಗಳು



ಸೌದೆ ಮತ್ತು ಬೆರಣಿಯ ಹೊಗೆಯು ತಾಯಂದಿರಿಗೆ ಶ್ವಾಸಕೋಶದ ದೀರ್ಘಕಾಲದ ಬೇನೆಯನ್ನೂ, ಎಳೆಯ ಮಕ್ಕಳಿಗೆ ನ್ಯುಮೋನಿಯಾವನ್ನೂ ತರುತ್ತದೆ. ಗರ್ಭಿಣಿಯು ಈ ಹೊಗೆಯನ್ನು ಸೇವಿಸುತ್ತಿದ್ದರೆ ಶಿಶುವಿನ ತೂಕ ಕುಂದುವ ಸಂಭವವುಂಟು. 2016ರಲ್ಲಿ ಪ್ರಧಾನಮಂತ್ರಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಅನೇಕ ಗ್ರಾಮೀಣ ಕುಟುಂಬಗಳಿಗೆ ಅನಿಲದ ಒಲೆ ದೊರೆತಿದೆ. ಆದರೆ ಒಲೆ ಬಂದರೆ ಸಾಲದು. ಅದನ್ನು ಬಳಸುವ ಕ್ರಮವನ್ನು ಗಂಡ ಹೆಂಡತಿ ಇಬ್ಬರೂ ಅರಿತಿರಬೇಕು.

ಇಬ್ಬರೂ ಎನ್ನುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ, ಒಂದು ಮುಂಜಾನೆ, ಯುವ ರೈತರೊಬ್ಬರನ್ನು ಸುಟ್ಟ ಗಾಯಗಳೊಡನೆ ನನ್ನ ಬಳಿಗೆ ಕರೆತಂದರು. ಪತ್ನಿಯು ಹೆರಿಗೆಗೆಂದು ತವರಿಗೆ ಹೋಗಿದ್ದರು. ಇವರು ಹಾಲನ್ನು ಒಲೆಗಿಟ್ಟು ಹಟ್ಟಿಗೆ ಹೋದಾಗ ಹಾಲು ಉಕ್ಕಿ ಉರಿ ನಂದಿತು. ಅನಿಲವು ಮಾತ್ರ ಹರಿಯುತ್ತಲೇ ಇತ್ತು. ಮರಳಿ ಬಂದವರಿಗೆ ವಾಸನೆ ತಿಳಿಯಿತು. ಏನೆಂದು ನೋಡಲು ದೀಪದ ಸ್ವಿಚ್ಚನ್ನು ಒತ್ತಿದರು. ಆ ಕಿಡಿಯೇ ಸಾಕಾಯಿತು. ಗಾಯದ ಮೇಲೆ ಯಾರೋ ಹಲ್ಲುಜ್ಜುವ ಪೇಸ್ಟನ್ನು ಬಳಿದಿದ್ದರು. ಅವರು ಬದುಕಿದರು, ಆದರೆ ತಮ್ಮ ಕೂಸನ್ನು ಕೈಯಲ್ಲಿ ಎತ್ತಿಕೊಳ್ಳಲು ಬಹುದಿನ ಕಾಯಬೇಕಾಯಿತು.

ಅನಿಲದ ಗುಣ

ಅಡುಗೆ ಅನಿಲವು ಗಾಳಿಗಿಂತ ಭಾರವಾದುದು. ಸೋರಿದಾಗ ಅದು ಮೇಲಕ್ಕೇರದೆ ನೆಲದ ಮೇಲೆ ನೀರಿನಂತೆ ಹರಡುತ್ತದೆ. ಆದುದರಿಂದ ಎತ್ತರದ ಕಿಟಕಿಯೊಂದನ್ನೇ ತೆರೆದರೆ ಸಾಲದು, ಬಾಗಿಲನ್ನೂ ತೆರೆಯಬೇಕು. ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಅದಕ್ಕೆ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಆ ವಾಸನೆಯೇ ನಿಮಗೆ ಎಚ್ಚರಿಕೆಯ ಗಂಟೆ.

ಇಡುವ ಮತ್ತು ಹಚ್ಚುವ ಕ್ರಮ

1. ಸಿಲಿಂಡರನ್ನು ಗಾಳಿಯಾಡುವ ಕಡೆ, ನೆಲದ ಮೇಲೆ ನೇರವಾಗಿ ನಿಲ್ಲಿಸಿರಿ, ಮಲಗಿಸಬಾರದು. ಒಲೆಯು ಸಿಲಿಂಡರಿಗಿಂತ ಎತ್ತರದ ಕಟ್ಟೆಯ ಮೇಲಿರಲಿ.

2. ಅದೇ ಕೋಣೆಯಲ್ಲಿ ಸೌದೆಯ ಒಲೆಯನ್ನಾಗಲಿ, ದೇವರ ದೀಪವನ್ನಾಗಲಿ ಉರಿಸಬಾರದು.

3. ಐ.ಎಸ್.ಐ. ಗುರುತಿನ ಸುರಕ್ಷಾ ಕೊಳವೆಯನ್ನೇ ಬಳಸಿರಿ. ಐದು ವರ್ಷಕ್ಕೊಮ್ಮೆ, ಬಿರುಕು ಕಂಡರೆ ಅದಕ್ಕೂ ಮೊದಲೇ, ಬದಲಾಯಿಸಿರಿ. ಸೋರಿಕೆಯನ್ನು ಸಾಬೂನಿನ ನೊರೆಯಿಂದ ಪರೀಕ್ಷಿಸಬೇಕು. ಬೆಂಕಿಕಡ್ಡಿಯಿಂದ ಎಂದಿಗೂ ಕೂಡದು.

4. ಮೊದಲು ಕಡ್ಡಿ ಗೀರಿ, ಅನಂತರ ಒಲೆಯ ಗುಂಡಿಯನ್ನು ತಿರುಗಿಸಿರಿ. ಹಾಲಿಟ್ಟು ಹೊರಗೆ ಹೋಗಬೇಡಿರಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿರಿ.

5. ರಾಗಿ ಮುದ್ದೆಯನ್ನು ಒಲೆಯ ಮೇಲೆಯೇ ಬಲವಾಗಿ ತೊಳಸಿದರೆ ಪಾತ್ರೆ ಮಗುಚೀತು. ಒಲೆಯನ್ನು ಆರಿಸಿ, ಪಾತ್ರೆಯನ್ನು ನೆಲಕ್ಕಿಳಿಸಿ, ಭದ್ರವಾಗಿ ಹಿಡಿದು ತೊಳಸಿರಿ.

6. ಮಲಗುವ ಮುನ್ನ ರೆಗ್ಯುಲೇಟರನ್ನು ಮುಚ್ಚಿರಿ. ಈ ಕೆಲಸ ಇಬ್ಬರಿಗೂ ಅಭ್ಯಾಸವಾಗಲಿ.

ವಾಸನೆ ಬಂದರೆ

ಉರಿಯುವ ಒಲೆ, ದೀಪಗಳನ್ನು ಆರಿಸಿರಿ. ವಿದ್ಯುತ್ ಸ್ವಿಚ್ಚನ್ನು ಹಾಕಲೂ ಬೇಡಿರಿ, ಆರಿಸಲೂ ಬೇಡಿರಿ; ಎರಡರಲ್ಲಿಯೂ ಕಿಡಿ ಹುಟ್ಟುತ್ತದೆ. ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಮಕ್ಕಳು ವೃದ್ಧರೊಡನೆ ಹೊರಗೆ ಬನ್ನಿರಿ. ಹೊರಗೆ ಬಂದ ಮೇಲೆಯೇ 1906ಕ್ಕೆ ದೂರವಾಣಿ ಮಾಡಿರಿ.

ಅನಿಲದ ಉಳಿತಾಯ

ಅನಿಲವು ತಿಂಗಳ ಮಧ್ಯದಲ್ಲಿ ಮುಗಿದು, ಮತ್ತೊಂದಕ್ಕೆ ಹಣವಿಲ್ಲದಿದ್ದರೆ ಮನೆಯು ಮರಳಿ ಹೊಗೆಗೆ ಬೀಳುತ್ತದೆ. ಆದುದರಿಂದ ಉಳಿತಾಯವೂ ಆರೋಗ್ಯ ರಕ್ಷಣೆಯೇ. ಬೇಳೆಕಾಳುಗಳನ್ನು ಮೊದಲೇ ನೆನೆಸಿಡಿರಿ. ಪಾತ್ರೆಗೆ ಮುಚ್ಚಳ ಹಾಕಿರಿ. ಸಾಧ್ಯವಾದರೆ ಪ್ರೆಷರ್ ಕುಕ್ಕರನ್ನು ಬಳಸಿರಿ. ಕುದಿ ಬಂದೊಡನೆ ಉರಿಯನ್ನು ತಗ್ಗಿಸಿರಿ, ಏಕೆಂದರೆ ಕುದಿಯುವ ನೀರು ಹೆಚ್ಚು ಉರಿಯಿಂದ ಹೆಚ್ಚು ಬಿಸಿಯಾಗದು, ಬರಿದೆ ಆವಿಯಾಗುತ್ತದೆ. ಪಾತ್ರೆಯ ತಳದಿಂದ ಉರಿಯು ಹೊರಚಾಚಬಾರದು. ಉರಿ ನೀಲಿಯಾಗಿರಬೇಕು, ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಬರ್ನರಿನ ರಂಧ್ರಗಳನ್ನು ಶುಚಿಗೊಳಿಸಿರಿ.

ಸುಟ್ಟರೆ

ಬಟ್ಟೆಗೆ ಬೆಂಕಿ ತಗುಲಿದರೆ ಓಡಬಾರದು. ಓಡಿದರೆ ಉರಿ ಹೆಚ್ಚುತ್ತದೆ. ನೆಲದ ಮೇಲೆ ಉರುಳಬೇಕು. ಹತ್ತಿರದವರು ಕಂಬಳಿ ಹೊದಿಸಿ ಉರಿಯನ್ನು ಆರಿಸಬೇಕು. ಗಾಯದ ಮೇಲೆ ಇಪ್ಪತ್ತು ನಿಮಿಷ ಶುದ್ಧವಾದ ತಣ್ಣೀರನ್ನು ಹರಿಸಿರಿ. ಬಾವು ಬರುವ ಮುನ್ನವೇ ಬಳೆ, ಉಂಗುರಗಳನ್ನು ತೆಗೆಯಿರಿ. ಅಂಟಿದ ಬಟ್ಟೆಯನ್ನು ಕೀಳಬೇಡಿರಿ. ಪೇಸ್ಟು, ಶಾಯಿ, ಬೆಣ್ಣೆ, ಸಗಣಿ ಇವಾವುದನ್ನೂ ಹಚ್ಚದೆ ಶುಭ್ರವಾದ ಬಟ್ಟೆ ಮುಚ್ಚಿ, 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ತಲುಪಿಸಿರಿ.

ಈ ಪುಟವನ್ನು ಇಂದು ರಾತ್ರಿ ಇಬ್ಬರೂ ಕೂಡಿ ಓದಿರಿ. ಓದಿದ ಮೇಲೆ ಒಬ್ಬರು ರೆಗ್ಯುಲೇಟರನ್ನು ಮುಚ್ಚಿ ತೋರಿಸಲಿ, ಮತ್ತೊಬ್ಬರು ಮಾಡಿ ಕಲಿಯಲಿ.