ಪೆನಿಸಿಲಿನ್ನಿನ ನಾಲ್ಕು ಮೂಲೆಯ ಉಂಗುರ

ಗಂಟಲುಬೇನೆಯ ತರುವಾಯ ಕೀಲುಗಳು ಬಾತು, ಹೃದಯಕ್ಕೂ ತಗಲುವ ರುಮ್ಯಾಟಿಕ್ ಜ್ವರವು ಬಂದ ಬಾಲಿಕೆಯರಿಗೆ ವೈದ್ಯರು ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ನಿನ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡುವರು. ದಾದಿಯು ಸೀಸೆಯೊಳಗಿನ ಒಣ ಪುಡಿಗೆ ಆ ಕ್ಷಣವೇ ನೀರು ಬೆರೆಸುವಳು. “ಮೊದಲೇ ಕಲಸಿ ಇಟ್ಟರೆ ಏನಾದೀತು?” ಎಂದು ತಾಯಂದಿರು ಕೇಳುವದುಂಟು. ಇದರ ಉತ್ತರವನ್ನು ರಸಾಯನಶಾಸ್ತ್ರದಲ್ಲಿ ಹುಡುಕೋಣ.

ಇಂಗಾಲದ ಪರಮಾಣುವಿಗೆ ನಾಲ್ಕು ಕೈಗಳಿರುವವೆಂದು ಹತ್ತನೆಯ ಇಯತ್ತೆಯವರೆಲ್ಲರೂ ಬಲ್ಲರು. ಒಂದೊಂದು ಕೈಯೂ ಇಬ್ಬರು ಹಂಚಿಕೊಂಡ ಇಲೆಕ್ಟ್ರಾನು ಜೋಡಿಯೇ. ತಡೆಯಿಲ್ಲದಿದ್ದರೆ ಈ ಕೈಗಳು ಒಂದಕ್ಕೊಂದು ಸುಮಾರು 109½ ಡಿಗ್ರಿ ಕೋನದಲ್ಲಿ ನಿಲ್ಲುವವು. ಮೂರು ಪರಮಾಣುಗಳ ಉಂಗುರದಲ್ಲಿ ಆ ಕೋನವು 60ಕ್ಕೂ, ನಾಲ್ಕರದರಲ್ಲಿ ಸುಮಾರು 90ಕ್ಕೂ ಕುಗ್ಗಬೇಕಾಗುವದು. ಇಂಥ ಉಂಗುರಗಳು ಬಿಗುವಿನಲ್ಲಿರುವವೆಂದು ಜರ್ಮನಿಯ ಬೇಯರ್ ಪಂಡಿತರು 1885ರಲ್ಲಿ ಹೇಳಿದರು.

ಬಿದಿರಿನ ಸೀಳನ್ನು ಬಾಗಿಸಿ ತುದಿಗಳನ್ನು ದಾರದಿಂದ ಕಟ್ಟಿರಿ. ಹೊರಗೆ ಅದು ಶಾಂತವಾಗಿ ಕಂಡರೂ ದಾರವನ್ನು ಕಡಿದೊಡನೆ ಚಿಮ್ಮುವದು. ಸಣ್ಣ ಉಂಗುರದ ಬಂಧವೂ ಹಾಗೆಯೇ. ಅದರ ಇಲೆಕ್ಟ್ರಾನುಗಳು ಎರಡು ಪರಮಾಣುಗಳ ನೇರ ನಡುವೆ ಕೂಡಲಾರದೆ ಹೊರಮಗ್ಗುಲಿಗೆ ಉಬ್ಬುವದರಿಂದ ಹಿಡಿತವು ಸಡಿಲಾಗುವದು. ನಾಲ್ಕು ಇಂಗಾಲಗಳ ಉಂಗುರದಲ್ಲಿ ಮೋಲೊಂದಕ್ಕೆ ಸುಮಾರು 26 ಕಿಲೊಕ್ಯಾಲೊರಿಗಳಷ್ಟು ಬಿಗುವು ಕೂಡಿರುವದು. ನಮ್ಮ ಕೊಕಟನೂರ ಸೀಮೆಯ ಕಬ್ಬಿನ ಸಕ್ಕರೆಯ ಅಣುವಿನಲ್ಲಿರುವವು ಆರರ ಒಂದು, ಐದರ ಒಂದು ಉಂಗುರ; ಅವುಗಳಲ್ಲಿ ಬಿಗುವು ಅತ್ಯಲ್ಪ. ಒಣ ಸಕ್ಕರೆಯು ಡಬ್ಬಿಯಲ್ಲಿ ವರ್ಷಗಟ್ಟಲೆ ಕೆಡದೆ ಇರುವದು.

ಫ್ಲೆಮಿಂಗರು 1928ರಲ್ಲಿ ಬೂಷ್ಟಿನಿಂದ ಕಂಡುಹಿಡಿದ ಪೆನಿಸಿಲಿನ್ನಿನ ರಚನೆಯ ವಿಷಯದಲ್ಲಿ ಪಂಡಿತರೊಳಗೆ ಬಹಳ ವಾದವಿತ್ತು. 1945ರಲ್ಲಿ ಡೊರೊಥಿ ಹಾಜ್‌ಕಿನ್ ಎಂಬ ಮಹಿಳೆಯು ಕ್ಷ-ಕಿರಣಗಳ ಸಹಾಯದಿಂದ ಅದನ್ನು ನಿರ್ಣಯಿಸಿದರು. ಮೂರು ಇಂಗಾಲ, ಒಂದು ಸಾರಜನಕ ಕೂಡಿದ ನಾಲ್ಕರ ಉಂಗುರವೇ ಅದರ ಹೃದಯಸ್ಥಾನದಲ್ಲಿತ್ತು! 1964ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಪುಣೆಯ ಬಳಿಯ ಪಿಂಪರಿಯಲ್ಲಿ 1954ರಲ್ಲಿ ಸ್ಥಾಪಿತವಾದ ಸರಕಾರಿ ಕಾರ್ಖಾನೆಯಿಂದ ಈ ಮದ್ದು ನಮ್ಮ ದೇಶದಲ್ಲಿಯೇ ತಯಾರಾಗತೊಡಗಿತು.

ರೋಗಾಣುವು ತನ್ನ ಮೈಗೋಡೆಯನ್ನು ಕಟ್ಟಲು ಒಂದು ಕಿಣ್ವವನ್ನು ಉಪಯೋಗಿಸುವದು. ಆ ಕಿಣ್ವವು ಪೆನಿಸಿಲಿನ್ನನ್ನು ತನ್ನ ಸಾಮಗ್ರಿಯೆಂದು ಭ್ರಮಿಸಿ ಹಿಡಿದೊಡನೆ, ಬಿಗಿದ ಉಂಗುರವು ಬಿಚ್ಚಿ ಅದಕ್ಕೇ ಗಟ್ಟಿಯಾಗಿ ಅಂಟಿಕೊಳ್ಳುವದು. ಗೋಡೆಯ ಕೆಲಸ ನಿಂತು ರೋಗಾಣುವು ಒಡೆದು ಸಾಯುವದು. ಮನುಷ್ಯನ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲವಾದ್ದರಿಂದ ನಮಗೆ ಆ ಅಪಾಯವಿಲ್ಲ.

ಆದರೆ ಗುಣಕ್ಕೆ ಕಾರಣವಾದ ಬಿಗುವೇ ದೋಷಕ್ಕೂ ಕಾರಣ. ನೀರು ಸಹ ಆ ಉಂಗುರವನ್ನು ಮೆಲ್ಲನೆ ಬಿಚ್ಚುವದು. ಬಿಚ್ಚಿದ ಮೇಲೆ ಮದ್ದಿಗೆ ಶಕ್ತಿಯಿಲ್ಲ. ತಾಯಂದಿರ ಪ್ರಶ್ನೆಗೆ ಇದೇ ಉತ್ತರ. ಕೆಲವು ರೋಗಾಣುಗಳು ಉಂಗುರವನ್ನು ಕತ್ತರಿಸುವ ಕಿಣ್ವವನ್ನು ತಾವೇ ತಯಾರಿಸಿ ಮದ್ದನ್ನು ಸೋಲಿಸುವವು. ಕೆಲವರ ಶರೀರದಲ್ಲಿ, ಬಿಚ್ಚಿದ ಉಂಗುರವು ರಕ್ತದ ಪ್ರೋಟೀನುಗಳಿಗೆ ಅಂಟಿ ದದ್ದು, ಉಬ್ಬಸ, ಒಮ್ಮೊಮ್ಮೆ ಪ್ರಾಣಾಪಾಯವನ್ನೂ ತರುವದು.

ಆದ್ದರಿಂದ ಪೋಷಕರಲ್ಲಿ ಎರಡು ಬಿನ್ನಹಗಳು. ಹಿಂದೆ ಪೆನಿಸಿಲಿನ್ನಿನಿಂದ ದದ್ದು ಎದ್ದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿರಿ. ಮಗಳು ಆಟವಾಡುವಷ್ಟು ಗುಣವಾದಳೆಂದು ನಂಬಿ ಚುಚ್ಚುಮದ್ದಿನ ಒಂದು ಸರದಿಯನ್ನೂ ತಪ್ಪಿಸಬೇಡಿರಿ. ಜ್ವರವು ಮರುಕಳಿಸಿದಂತೆಲ್ಲ ಹೃದಯದ ಕವಾಟಗಳು ಹೆಚ್ಚು ಕೆಡುವವು. ಪೂರ್ವ ವಿದ್ಯಾರ್ಥಿನಿಯರೇ, ನೀವು ಶಾಲೆಯಲ್ಲಿ ಓದಿದ ಇಂಗಾಲದ ನಾಲ್ಕು ಕೈಗಳ ಪಾಠವನ್ನು ನೆರೆಯ ತಾಯಿಗೆ ಇಷ್ಟರ ಮಟ್ಟಿಗೆ ತಿಳಿಯಹೇಳಿದರೆ ಒಂದು ಮಗುವಿನ ಹೃದಯವು ಉಳಿದೀತು.